ಸಿದ್ಧ ಉತ್ತರವಿಲ್ಲದ ಪ್ರಶ್ನೆ ಬಂದಾಗ

ಸಾಫ್ಟ್‌ವೇರ್ ಬಳಸುವುದು ಹೇಗೆಂದು ಬರೆದುಕೊಡುವ ಟೆಕ್ನಿಕಲ್ ರೈಟರ್ ಹುದ್ದೆಗೆ ನಾನು ಸಂದರ್ಶನ ಮಾಡುತ್ತೇನೆ. ಬರುವವರು ಡಿಟಾ, ಮಾರ್ಕ್‌ಡೌನ್‌ನಂಥ ದಾಖಲೆ ಬರೆಯುವ ಫಾರ್ಮ್ಯಾಟ್‌ಗಳು, ಬರವಣಿಗೆಯ ನಿಯಮಗಳ ಸ್ಟೈಲ್ ಗೈಡ್ ಎಲ್ಲವನ್ನೂ ಓದಿಕೊಂಡು ಬರುತ್ತಾರೆ. ಅವುಗಳ ಬಗ್ಗೆ ನಾನು ಹೆಚ್ಚು ಕೇಳುವುದಿಲ್ಲ, ಕೆಲಸಕ್ಕೆ ಸೇರಿದ ಮೇಲೂ ಕಲಿಯಬಹುದು. ನಾನು ಕೇಳುವುದು ಇಂಥದ್ದು: "ಮೊದಲ ಸಲ ಸ್ಮಾರ್ಟ್‌ಫೋನ್ ಹಿಡಿದವರಿಗೆ ಯುಪಿಐನಲ್ಲಿ ದುಡ್ಡು ಕಳಿಸೋದು ಹೇಗೆ ಅಂತ ಹೇಳಿಕೊಡಿ."

ಹೆಚ್ಚಿನವರು "ಮೊದಲು ಆ್ಯಪ್ ಡೌನ್‌ಲೋಡ್ ಮಾಡಿ" ಎಂದು ತಕ್ಷಣ ಶುರು ಮಾಡುತ್ತಾರೆ. ಹಂತಗಳು ತಪ್ಪೇನಲ್ಲ. ಆದರೆ ನಾನು ಕಾಯುವುದು ಮರುಪ್ರಶ್ನೆಗೆ. ಬ್ಯಾಂಕ್ ಖಾತೆಗೆ ಜೋಡಿಸಿದ ನಂಬರಿನ ಸಿಮ್ ಇದೇ ಫೋನಿನಲ್ಲಿದೆಯೇ? ಪಿನ್ ಹೊಂದಿಸಲು ಡೆಬಿಟ್ ಕಾರ್ಡ್ ಕೈಯಲ್ಲಿದೆಯೇ, ಇಲ್ಲ ಆಧಾರ್ ಒಟಿಪಿ ಬಳಸಬೇಕೇ? ಅವರು ಯಾವ ಭಾಷೆ ಓದುತ್ತಾರೆ? ಆ್ಯಪ್ ಅದೇ ಸಿಮ್‌ನಿಂದ ಎಸ್ಸೆಮ್ಮೆಸ್ ಕಳಿಸಿ ಖಾತ್ರಿ ಮಾಡಿಕೊಳ್ಳುತ್ತದೆ. ಸಿಮ್ ಬೇರೆ ಫೋನಿನಲ್ಲಿದ್ದರೆ ನೋಂದಣಿ ನಡುವೆಯೇ ನಿಲ್ಲುತ್ತದೆ. ಈ ಮಾತು ಐದನೆಯ ಹಂತದಲ್ಲಿ ಬಂದರೆ ಪ್ರಯೋಜನವಿಲ್ಲ, ಶುರುವಿಗೂ ಮುಂಚೆ ಬರಬೇಕು. "ದುಡ್ಡು ಪಡೆಯಲು ಪಿನ್ ಹಾಕಬೇಕಾಗಿಲ್ಲ, ಯಾರಾದರೂ ಹಾಕಿ ಅಂದರೆ ಅದು ಮೋಸ. ಈ ಎಚ್ಚರಿಕೆಯನ್ನು ಪಿನ್ ಹಂತದ ಮೇಲೆಯೇ ಇಡುತ್ತೇನೆ" ಎಂದವರ ಹೆಸರಿನ ಮುಂದೆ ನಾನು ಅಲ್ಲೇ ಗುರುತು ಹಾಕಿಕೊಳ್ಳುತ್ತೇನೆ. ಎಚ್ಚರಿಕೆ ಹಂತದ ಕೆಳಗಿದ್ದರೆ, ಕಣ್ಣು ಅಲ್ಲಿಗೆ ಇಳಿಯುವಷ್ಟರಲ್ಲಿ ಪಿನ್ ಒತ್ತಿಯಾಗಿರುತ್ತದೆ.

ಹಾಗಂತ ಕೇಳುತ್ತಲೇ ಕೂರಬೇಡಿ. ಮುಖ್ಯವಾದ ಎರಡನ್ನು ಕೇಳಿ. ಉಳಿದದ್ದನ್ನು "ಹೀಗಿದೆ ಅಂದುಕೊಳ್ಳುತ್ತೇನೆ" ಎಂದು ಬಾಯಿಬಿಟ್ಟು ಹೇಳಿ ಮುಂದುವರಿಯಿರಿ. ತಪ್ಪಿದ್ದರೆ ನಾವೇ ತಿದ್ದುತ್ತೇವೆ. ಯೋಚಿಸಲು ಅರ್ಧ ನಿಮಿಷ ಬೇಕಿದ್ದರೆ ಕೇಳಿ ಪಡೆಯಿರಿ, ಅದನ್ನು ಯಾರೂ ಕೊರತೆ ಅಂದುಕೊಳ್ಳುವುದಿಲ್ಲ.

ಗೊತ್ತೇ ಇಲ್ಲದ ವಿಷಯ ಬಂದಾಗ ಹೆದರಿಕೆ ಇನ್ನೂ ಹೆಚ್ಚು. ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದಕ್ಕೆ ರಿಕ್ವೆಸ್ಟ್ ಕಳಿಸಿ ಉತ್ತರ ಪಡೆಯುವ ವ್ಯವಸ್ಥೆ) ಬಗ್ಗೆ ಬರೆಯುವ ಹುದ್ದೆಗೆ "429 ಎರರ್ ಬಂದರೆ ಓದುಗರಿಗೆ ಏನಂತ ಬರೆಯುತ್ತೀರಿ?" ಎಂದು ಕೇಳುತ್ತೇನೆ. ಊಹೆಯನ್ನು ಉತ್ತರವೆಂದು ಒಪ್ಪಿಸುವವರನ್ನು ನಾನು ತೆಗೆದುಕೊಳ್ಳುವುದಿಲ್ಲ, ಯಾಕೆಂದರೆ ನಾಳೆ ಆ ಊಹೆ ಮ್ಯಾನುಯಲ್‌ನಲ್ಲಿ ಅಚ್ಚಾಗುತ್ತದೆ. "ಗೊತ್ತಿಲ್ಲ" ಎಂದು ಸುಮ್ಮನಾಗುವುದೂ ಸಾಲದು. ಹೀಗೆ ಹೇಳಬಹುದು: "ಈ ಸಂಖ್ಯೆ ನನಗೆ ಗೊತ್ತಿಲ್ಲ. ಆದರೆ 4ರಿಂದ ಶುರುವಾಗುತ್ತದೆ, ಅಂದರೆ ತೊಂದರೆ ಸರ್ವರಿನದಲ್ಲ, ರಿಕ್ವೆಸ್ಟ್ ಕಳಿಸಿದವರ ಕಡೆಯದು. ಎಪಿಐ ಪರೀಕ್ಷಿಸುವ ಪೋಸ್ಟ್‌ಮನ್ ಆ್ಯಪ್‌ನಲ್ಲಿ ರಿಕ್ವೆಸ್ಟ್ ಕಳಿಸಿ ಏನು ವಾಪಸ್ ಬರುತ್ತದೆ ನೋಡುತ್ತೇನೆ. ಇದು ಬಂದಾಗ ಬಳಸುವವರು ಏನು ಮಾಡಬೇಕು ಅಂತ ಡೆವಲಪರ್‌ನ ಕೇಳುತ್ತೇನೆ." 429 ಎಂದರೆ ಕಡಿಮೆ ಸಮಯದಲ್ಲಿ ಮಿತಿಮೀರಿ ರಿಕ್ವೆಸ್ಟ್ ಬಂದಿವೆ ಎಂದು. ಓದುಗರಿಗೆ ಬೇಕಿರುವುದು ಎಷ್ಟು ಹೊತ್ತು ಕಾಯಬೇಕು ಎಂಬುದು. ಹಲವು ಸಲ ಅದು ಸರ್ವರಿನ ಉತ್ತರದ ಜೊತೆ ಬರುವ ರಿಟ್ರೈ-ಆಫ್ಟರ್ ಹೆಡರ್‌ನಲ್ಲೇ ಇರುತ್ತದೆ. ಡೆವಲಪರ್‌ಗೆ ಆ ಪ್ರಶ್ನೆ ಹಾಕಿದವರು, ಸಂಖ್ಯೆಯ ಅರ್ಥ ತಿಳಿಯದೆಯೂ, ಸರಿಯಾದ ಜಾಗಕ್ಕೇ ಬಂದಿರುತ್ತಾರೆ.

"ಹಿಂದಿನ ಕಂಪನಿಯಲ್ಲಿ ಬರೆದದ್ದನ್ನು ತೋರಿಸಿ" ಎಂದರೆ? ಸಾರ್ವಜನಿಕವಾಗಿ ಪ್ರಕಟವಾದದ್ದಾದರೆ ಸರಿ. ಗೋಪ್ಯತೆಯ ಒಪ್ಪಂದಕ್ಕೆ ಒಳಪಟ್ಟಿದ್ದರೆ, ನಾವು ಒತ್ತಾಯಿಸಿದರೂ ಲ್ಯಾಪ್‌ಟಾಪ್ ತೆರೆಯಬೇಡಿ. ಬದಲಿಗೆ ಯಾವುದಾದರೂ ಓಪನ್ ಸೋರ್ಸ್ ಯೋಜನೆಗೆ ಬರೆದುಕೊಟ್ಟ ಪುಟ ಜೊತೆಗಿರಲಿ.

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ "ಅದೇ ಬರೆಯುತ್ತದಲ್ಲ, ನೀವು ಯಾಕೆ?" ಎಂಬ ಪ್ರಶ್ನೆ ಸಾಮಾನ್ಯವಾಗಿದೆ. ಆದರೂ ಕೇಳಿದೊಡನೆ ಅನೇಕರ ಮುಖ ಬಿಗಿಯುತ್ತದೆ, ಕೆಲವರು ವಾದಕ್ಕೇ ಇಳಿಯುತ್ತಾರೆ. ಕರಡಿಗೆ ಅದನ್ನು ಬಳಸುತ್ತಿದ್ದರೆ ಬಳಸುತ್ತೇನೆ ಎಂದೇ ಹೇಳಿ. ಇನ್ನೂ ಬಿಡುಗಡೆಯಾಗದ ಬಿಲ್ಡ್ (ಸಾಫ್ಟ್‌ವೇರಿನ ಆವೃತ್ತಿ) ಮೇಲೆ ಒಂದೊಂದು ಹಂತವನ್ನೂ ಮಾಡಿ ನೋಡಿ ತಾಳೆ ಹಾಕುವ ಜವಾಬ್ದಾರಿ ನಿಮ್ಮದು ಎಂಬುದನ್ನು ಉದಾಹರಣೆ ಕೊಟ್ಟು ವಿವರಿಸಿ. ಡೆವಲಪರ್ ಕೊಟ್ಟ ಟಿಪ್ಪಣಿಯಲ್ಲಿ ಬಟನ್‌ಗೆ ಒಂದು ಹೆಸರಿತ್ತು, ಸ್ಕ್ರೀನಿನಲ್ಲಿ ಇನ್ನೊಂದಿತ್ತು ಎನ್ನುವಷ್ಟು ಸಣ್ಣದಾದರೂ ಸಾಕು, ನೀವೇ ಹಿಡಿದದ್ದಾಗಿರಬೇಕು.