ಟಚ್ ಪ್ಯಾನಲ್ ಕೆಟ್ಟರೆ ಅದೇ ಕಂಪನಿಯದನ್ನೇ ತರಬೇಕೇ?

ಪ್ರಶ್ನೆ: ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ತೆಂಗಿನಕಾಯಿ ಪುಡಿ ತಯಾರಿಸುವ ಚಿಕ್ಕ ಘಟಕವಿದೆ. ಡ್ರೈಯರ್‌ನ 7 ಇಂಚಿನ ಟಚ್ ಪ್ಯಾನಲ್ ಒಮ್ಮೊಮ್ಮೆ ಕಪ್ಪಾಗುತ್ತದೆ. ಮತ್ತೊಮ್ಮೆ ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಒತ್ತಿದಂತಾಗುತ್ತದೆ. ಅದೇ ಕಂಪನಿಯ ಹೊಸ ಪ್ಯಾನಲ್ ದುಬಾರಿ. ಬೇರೆ ಕಂಪನಿಯದು ಅರ್ಧ ಬೆಲೆಗೆ ಸಿಗುತ್ತದೆ ಎನ್ನುತ್ತಾರೆ. ಅದನ್ನು ಹಾಕಿಸಬಹುದೇ?

ಉತ್ತರ: ಹಾಕಿಸಬಹುದು. ಆದರೆ ಅಂಗಡಿಯಲ್ಲಿ ಮೊದಲು ಕೇಳುವ ಇಂಚು ಮತ್ತು ಬೆಲೆ ಇಲ್ಲಿ ಮೂರನೆಯ, ನಾಲ್ಕನೆಯ ಮಾತು. ಹೊಸ ಪ್ಯಾನಲ್‌ಗೆ ನಿಮ್ಮ ಯಂತ್ರವನ್ನು ನಡೆಸುವ ಚಿಕ್ಕ ಕಂಪ್ಯೂಟರ್, ಅಂದರೆ ಪಿಎಲ್‌ಸಿಯೊಡನೆ ಮಾತನಾಡಲು ಬರುತ್ತದೆಯೇ ಎನ್ನುವುದು ಮೊದಲನೆಯದು. ಆ ಪಿಎಲ್‌ಸಿಯ ನೆನಪಿನಲ್ಲಿ ಯಾವ ವಿಳಾಸದಲ್ಲಿ ಯಾವ ಮೌಲ್ಯ ಕುಳಿತಿದೆ ಎಂಬ ಪಟ್ಟಿ ನಿಮ್ಮ ಕೈಯಲ್ಲಿದೆಯೇ ಎನ್ನುವುದು ಎರಡನೆಯದು. ಅಂತರಸನಹಳ್ಳಿಯಲ್ಲಿ ಕಂಟ್ರೋಲ್ ಪ್ಯಾನಲ್ ಕಟ್ಟುವ ನಮ್ಮ ಶೆಡ್ಡಿಗೆ ಇದೇ ಪ್ರಶ್ನೆ ಹೊತ್ತು ಬರುವವರಲ್ಲಿ ಹೆಚ್ಚಿನವರಿಗೆ ಮೊದಲನೆಯದು ತೊಡಕಾಗುವುದಿಲ್ಲ, ಎರಡನೆಯದು ಆಗುತ್ತದೆ.

ಪದದ ಗೊಂದಲವೊಂದನ್ನು ಮೊದಲೇ ತೀರಿಸಿಬಿಡೋಣ. ನಮ್ಮ ಕಡೆ ಕಾಂಟಾಕ್ಟರ್ (ಮೋಟರಿಗೆ ಕರೆಂಟ್ ಕೊಡುವ, ಕಡಿಯುವ ಸ್ವಿಚ್), ಡ್ರೈವ್ (ಮೋಟರಿನ ವೇಗ ನಿಯಂತ್ರಿಸುವ ಸಾಧನ) ತುಂಬಿದ ಕಬ್ಬಿಣದ ಪೆಟ್ಟಿಗೆಗೂ ಪ್ಯಾನಲ್ ಎನ್ನುತ್ತಾರೆ, ಅದರ ಬಾಗಿಲಿನ ಮೇಲೆ ಕೂರುವ ಪರದೆಗೂ ಪ್ಯಾನಲ್ ಎನ್ನುತ್ತಾರೆ. ಇಲ್ಲಿ ಹೇಳುತ್ತಿರುವುದು ಪರದೆಯ ವಿಷಯ, ಅಂದರೆ ಎಚ್‌ಎಂಐ. ಯಂತ್ರವನ್ನು ನಡೆಸುವುದು ಪೆಟ್ಟಿಗೆಯ ಒಳಗಿರುವ ಪಿಎಲ್‌ಸಿ. ಪರದೆ ಅದರಿಂದ ಮೌಲ್ಯಗಳನ್ನು ಓದಿ ತೋರಿಸುತ್ತದೆ, ನೀವು ಒತ್ತಿದ್ದನ್ನು, ತುಂಬಿದ್ದನ್ನು ಅದರೊಳಗೆ ಬರೆಯುತ್ತದೆ, ಅಷ್ಟೇ. ಆದ್ದರಿಂದಲೇ ಪರದೆ ಕಪ್ಪಾದಾಗಲೂ ನಿಮ್ಮ ಬ್ಲೋವರ್ ತಿರುಗುತ್ತಲೇ ಇರುತ್ತದೆ, ಹಬೆಯ ವಾಲ್ವ್ ತನ್ನ ಪಾಡಿಗೆ ತೆರೆದು ಮುಚ್ಚುತ್ತಿರುತ್ತದೆ. ಯಂತ್ರ ನಿಲ್ಲಲಿಲ್ಲವೆಂದು ನೆಮ್ಮದಿಪಡುವ ಮುನ್ನ, ಪರದೆಯ ನೆರವಿಲ್ಲದೆ ಅದನ್ನು ನಿಲ್ಲಿಸಲು ನಿಮ್ಮಲ್ಲಿ ಏನಿದೆ ಎಂದು ಇವತ್ತೇ ನೋಡಿಕೊಳ್ಳಿ. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಹೊಸದನ್ನು ಕೊಳ್ಳುವ ಮುಂಚೆ ಹಳೆಯದು ನಿಜವಾಗಿ ಕೆಟ್ಟಿದೆಯೇ ಎಂದು ಪರೀಕ್ಷಿಸಿ. ನೀವು ಹೇಳಿದ ಎರಡು ಲಕ್ಷಣಗಳ ಕಾರಣ ಬೇರೆ ಬೇರೆ ಇರಬಹುದು. ಕಪ್ಪಾಗುವ ಪರದೆಯ ಮೇಲೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಅಕ್ಷರಗಳು ಮಸುಕಾಗಿ ಕಂಡರೆ ಹೋಗಿರುವುದು ಹಿಂಬದಿಯ ಬೆಳಕು ಮಾತ್ರ. ಏನೂ ಕಾಣದಿದ್ದರೆ, ಬ್ಲೋವರ್ ಮತ್ತು ವಾಲ್ವ್‌ಗಳೆಲ್ಲ ಚಾಲೂ ಇರುವ ಹೊತ್ತಿನಲ್ಲೇ ಪರದೆಯ ಹಿಂದಿನ ಎರಡು ತಂತಿಗಳ ನಡುವೆ ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ಅಳೆಸಿ. ಈ ಪರದೆಗಳು ಸಾಮಾನ್ಯವಾಗಿ 24 ವೋಲ್ಟ್ ಡಿಸಿಯ ಮೇಲೆ ನಡೆಯುತ್ತವೆ, ಅದು ಸುಮಾರು 20 ವೋಲ್ಟ್‌ಗಿಂತ ಕೆಳಗಿಳಿದರೆ ಆರಿಹೋಗಿ ಮತ್ತೆ ಹೊತ್ತಿಕೊಳ್ಳುತ್ತವೆ. ಹಳೆಯ ಪವರ್ ಸಪ್ಲೈ ಯಂತ್ರ ನಿಂತಿರುವಾಗ 24 ತೋರಿಸಿ, ವಾಲ್ವ್ ತೆರೆಯುವ ಸೊಲೆನಾಯ್ಡ್‌ಗಳೆಲ್ಲ ಒಟ್ಟಿಗೆ ಕರೆಂಟ್ ಎಳೆದಾಗ 18ಕ್ಕೆ ಕುಸಿಯುವುದುಂಟು. ಅಂಥ ಕಡೆ ಹೊಸ ಪರದೆ ಹಾಕಿದರೆ ಅದೂ ಕಪ್ಪಾಗುತ್ತದೆ. ಇನ್ನು ಒತ್ತಿದ ಜಾಗ ಬಿಟ್ಟು ಬೇರೆ ಕಡೆ ಸ್ಪಂದಿಸುವುದು ಬಹುತೇಕ ಕ್ಯಾಲಿಬ್ರೇಷನ್, ಅಂದರೆ ಒತ್ತಿದ ಜಾಗಕ್ಕೂ ಪರದೆಯ ಚಿತ್ರಕ್ಕೂ ಇರುವ ಹೊಂದಾಣಿಕೆ, ತಪ್ಪಿದ ಲಕ್ಷಣ. ಪರದೆಯ ಸಿಸ್ಟಂ ಮೆನುವಿನಲ್ಲಿ ಅದನ್ನು ಮತ್ತೆ ಮಾಡಲು ಐದು ನಿಮಿಷ ಸಾಕು. ಅದಕ್ಕೂ ಬಗ್ಗದಿದ್ದರೆ ಮೇಲಿನ ಟಚ್ ಗಾಜನ್ನು ಮಾತ್ರ ಬದಲಿಸಿಕೊಡುವವರಿದ್ದಾರೆ.

ಇಷ್ಟಾಗಿಯೂ ಪರದೆ ಬದಲಿಸಲೇಬೇಕಾದರೆ, ಮಾತಿನ ಪ್ರಶ್ನೆ ಎದುರಾಗುತ್ತದೆ. ಪರದೆ ಮತ್ತು ಪಿಎಲ್‌ಸಿ ಮಾತನಾಡಿಕೊಳ್ಳುವ ಕ್ರಮಕ್ಕೆ ಪ್ರೋಟೊಕಾಲ್ ಎಂದು ಹೆಸರು. ಮೊಡಿಕಾನ್ ಕಂಪನಿ 1979ರಲ್ಲಿ ಪ್ರಕಟಿಸಿದ ಮಾಡ್‌ಬಸ್ ಇಂದಿಗೂ ಹೆಚ್ಚುಕಡಿಮೆ ಎಲ್ಲ ಕಂಪನಿಗಳ ಸಾಧನಗಳಿಗೂ ಬರುವ ಭಾಷೆ. ಇದಲ್ಲದೆ ಒಂದೊಂದು ಕಂಪನಿಗೂ ತನ್ನದೇ ಆದ ಪ್ರೋಟೊಕಾಲ್ ಇರುತ್ತದೆ. ವೈನ್‌ಟೆಕ್, ಡೆಲ್ಟಾ ಮುಂತಾದವರ ಪರದೆಗಳಲ್ಲಿ ಬೇರೆ ಕಂಪನಿಗಳ ಅನೇಕ ಪಿಎಲ್‌ಸಿಗಳ ಡ್ರೈವರ್‌ಗಳು, ಅಂದರೆ ಅವುಗಳೊಡನೆ ಮಾತನಾಡಿಸುವ ಸಾಫ್ಟ್‌ವೇರ್, ಮೊದಲೇ ಇರುತ್ತವೆ. ಪಟ್ಟಿಯಲ್ಲಿ ನಿಮ್ಮ ಪಿಎಲ್‌ಸಿಯ ಹೆಸರು ಕಂಡಮಾತ್ರಕ್ಕೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಅದರ ಪೂರ್ತಿ ಮಾಡೆಲ್ ಸಂಖ್ಯೆ ಮತ್ತು ಪೋರ್ಟ್ ಯಾವುದೆಂಬುದನ್ನು ಹೊಂದಿಸಿ ನೋಡಬೇಕು. ಉದಾಹರಣೆಗೆ ಸೀಮೆನ್ಸ್ ಎಸ್7-1200 ಪಿಎಲ್‌ಸಿಗೆ ಬೇರೆ ಕಂಪನಿಯ ಪರದೆ ಜೋಡಿಸುವಾಗ, ಹಲವು ಡ್ರೈವರ್‌ಗಳಿಗೆ ಪಿಎಲ್‌ಸಿಯ ಒಳಗೇ ಪುಟ್-ಗೆಟ್ (ಹೊರಗಿನ ಸಾಧನ ಓದುವ, ಬರೆಯುವ) ಸಂಪರ್ಕಕ್ಕೆ ಅನುಮತಿ ಕೊಡಬೇಕಾಗುತ್ತದೆ, ಮೌಲ್ಯಗಳನ್ನು ಇಡುವ ಡೇಟಾ ಬ್ಲಾಕ್‌ನ ಆಪ್ಟಿಮೈಸ್ಡ್ ಆಯ್ಕೆಯನ್ನು ತೆಗೆಯಬೇಕಾಗುತ್ತದೆ. ಅಂದರೆ ಪರದೆ ಬದಲಿಸಲು ಹೋಗಿ ಪಿಎಲ್‌ಸಿಯ ಪ್ರೋಗ್ರಾಮನ್ನೇ ಮುಟ್ಟಬೇಕಾಗುತ್ತದೆ. ಅದಕ್ಕೆ ಪಾಸ್‌ವರ್ಡ್ ಹಾಕಿದ್ದು, ಅದು ನಿಮಗೆ ಗೊತ್ತಿಲ್ಲದಿದ್ದರೆ, ಅರ್ಧ ಬೆಲೆಯ ಲೆಕ್ಕಾಚಾರ ಅಲ್ಲಿಗೇ ನಿಂತಿತು.

ವಿಳಾಸದ ವಿಷಯ ಇದಕ್ಕಿಂತ ಸೂಕ್ಷ್ಮ. ಡೆಲ್ಟಾ ಡಿವಿಪಿ ಸರಣಿಯ ಪಿಎಲ್‌ಸಿಯಲ್ಲಿ ಉಷ್ಣತೆಯ ಸೆಟ್ ಪಾಯಿಂಟ್ (ನೀವು ಗೊತ್ತುಪಡಿಸಿದ ಮಟ್ಟ) ಡಿ100 ಎಂಬ ರಿಜಿಸ್ಟರ್‌ನಲ್ಲಿದೆ, ಅಂದರೆ ನೆನಪಿನ ಒಂದು ಖಾನೆಯಲ್ಲಿದೆ ಎಂದಿಟ್ಟುಕೊಳ್ಳಿ. ಅದೇ ಕಂಪನಿಯ ಪರದೆಯಲ್ಲಾದರೆ ಡಿ100 ಎಂದು ಬರೆದರೆ ಸಾಕು. ಬೇರೆ ಕಂಪನಿಯ ಪರದೆಯಿಂದ ಮಾಡ್‌ಬಸ್ ಮೂಲಕ ಹೋದರೆ, ಆ ಪಿಎಲ್‌ಸಿಯ ಡಿ ರಿಜಿಸ್ಟರ್‌ಗಳು 4096ರಿಂದ ಆರಂಭವಾಗುವುದರಿಂದ ಡಿ100ರ ವಿಳಾಸ 4196 ಆಗುತ್ತದೆ. ಒಂದರಿಂದ ಎಣಿಸುವ ಪದ್ಧತಿಯಲ್ಲಿ ಅದು 4197, ರಿಜಿಸ್ಟರ್ ಎಂಬ ಗುರುತಿಗೆ ಮುಂದೊಂದು 4 ಸೇರಿಸಿ 44197 ಎಂದು ಬರೆಯುತ್ತಾರೆ. ಒಬ್ಬರ ಕೈಪಿಡಿ ಸೊನ್ನೆಯಿಂದ ಎಣಿಸುತ್ತದೆ, ಇನ್ನೊಬ್ಬರದು ಒಂದರಿಂದ ಎಣಿಸುತ್ತದೆ. ಈ ಒಂದರ ವ್ಯತ್ಯಾಸಕ್ಕೆ ನಾನೇ ಒಮ್ಮೆ ಸಿಕ್ಕಿಬಿದ್ದಿದ್ದೇನೆ. ಗುಬ್ಬಿ ಕಡೆಯ ಅಕ್ಕಿ ಗಿರಣಿಯೊಂದರ ಡ್ರೈಯರ್‌ಗೆ ಹೊಸ ಪರದೆ ಹಾಕಿ, ಉಷ್ಣತೆ 75 ಎಂದು ತುಂಬಿಸಿ, ಪರದೆಯೂ 75 ಎಂದೇ ತೋರಿಸಿದ್ದನ್ನು ನೋಡಿ ಹೊರಟುಬಂದೆ. ಸಂಜೆ ಗಿರಣಿಯಿಂದ ಫೋನ್ ಬಂತು: ಭತ್ತ ಬಿಸಿಯೇ ಆಗುತ್ತಿಲ್ಲ, ಆದರೆ ಎಲಿವೇಟರ್ ನಿಲ್ಲಲು ಒಂದು ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿದೆ. ನಾನು ಬರೆದ 75 ಪಕ್ಕದ ರಿಜಿಸ್ಟರ್‌ನಲ್ಲಿದ್ದ ಟೈಮರ್‌ಗೆ ಹೋಗಿ, 75 ಸೆಕೆಂಡಾಗಿ ಕುಳಿತಿತ್ತು. ಪರದೆ ತಪ್ಪು ವಿಳಾಸಕ್ಕೆ ಬರೆದು, ಅದೇ ತಪ್ಪು ವಿಳಾಸದಿಂದ ಓದಿ ತೋರಿಸುತ್ತಿದ್ದುದರಿಂದ ಗಾಜಿನ ಮೇಲೆ ಎಲ್ಲವೂ ಸರಿಯಾಗಿಯೇ ಕಂಡಿತ್ತು. ಅಂದಿನಿಂದ ಪಿಎಲ್‌ಸಿಗೆ ಲ್ಯಾಪ್‌ಟಾಪ್ ಜೋಡಿಸಿ, ಪರದೆಯಲ್ಲಿ ತುಂಬಿದ ಪ್ರತಿಯೊಂದು ಮೌಲ್ಯವೂ ಅಲ್ಲಿ ಯಾವ ರಿಜಿಸ್ಟರ್‌ನಲ್ಲಿ ಬದಲಾಯಿತು ಎಂದು ಕಣ್ಣಾರೆ ನೋಡದೆ ನಾನು ಜಾಗ ಬಿಡುವುದಿಲ್ಲ. ನಿಮ್ಮ ಕೆಲಸ ಮಾಡುವವರಿಂದಲೂ ಇದನ್ನು ನಿಮ್ಮ ಎದುರಿಗೇ ಮಾಡಿಸಿ.

ಆ ವಿಳಾಸಗಳ ಪಟ್ಟಿ ಎಲ್ಲಿ ಸಿಗುತ್ತದೆ? ಹಳೆಯ ಪರದೆಯ ಪ್ರಾಜೆಕ್ಟ್ ಫೈಲ್‌ನಲ್ಲಿ. ಆ ಫೈಲ್ ಬಹಳ ಸಲ ಯಂತ್ರ ಕಟ್ಟಿಕೊಟ್ಟವರ ಲ್ಯಾಪ್‌ಟಾಪ್‌ನಲ್ಲಿ ಉಳಿದಿರುತ್ತದೆ, ಅವರು ಫೋನ್ ಎತ್ತುವುದನ್ನು ನಿಲ್ಲಿಸಿ ಮೂರು ವರ್ಷವಾಗಿರುತ್ತದೆ. ಪರದೆಯಿಂದಲೇ ವಾಪಸ್ ಎಳೆದುಕೊಳ್ಳಬಹುದಲ್ಲ ಎಂದರೆ, ಎಲ್ಲ ಪರದೆಗಳಲ್ಲೂ ಅದು ಸಾಧ್ಯವಿಲ್ಲ. ಫೈಲನ್ನು ಇಳಿಸುವಾಗಲೇ ಮರಳಿ ಪಡೆಯುವ ಆಯ್ಕೆಯನ್ನು ಬಿಟ್ಟಿರಬೇಕು, ಪಾಸ್‌ವರ್ಡ್ ಗೊತ್ತಿರಬೇಕು. ಎರಡೂ ಇಲ್ಲದಿದ್ದರೆ ಪಿಎಲ್‌ಸಿ ಪ್ರೋಗ್ರಾಮನ್ನು ಓದಿ, ಒಂದೊಂದೇ ರಿಜಿಸ್ಟರ್ ಏನು ಮಾಡುತ್ತದೆ ಎಂದು ಹುಡುಕಿ ಪರದೆಯಲ್ಲಿ ಕಾಣುವ ಪುಟಗಳನ್ನು ಹೊಸದಾಗಿ ರಚಿಸಬೇಕು. ಅದು ದಿನಗಟ್ಟಲೆಯ ಕೆಲಸ, ಅದರ ಕೂಲಿ ಉಳಿಸಿದ ಅರ್ಧ ಬೆಲೆಯನ್ನು ಸುಲಭವಾಗಿ ನುಂಗುತ್ತದೆ. ಆದ್ದರಿಂದ ನನ್ನ ಸಲಹೆ ನೇರವಾಗಿದೆ: ಫೈಲ್ ನಿಮ್ಮ ಬಳಿ ಇದ್ದು, ಅದೇ ಮಾಡೆಲ್ ಇನ್ನೂ ಸಿಗುವುದಾದರೆ, ದುಬಾರಿಯಾದರೂ ಅದನ್ನೇ ತನ್ನಿ, ಒಂದು ಗಂಟೆಯಲ್ಲಿ ಯಂತ್ರ ಮತ್ತೆ ಚಾಲೂ ಆಗುತ್ತದೆ. ಫೈಲ್ ಇಲ್ಲವೆಂದಾದರೆ ಹೇಗೂ ಹೊಸದಾಗಿ ರಚಿಸಬೇಕು, ಆಗ ಬೇರೆ ಕಂಪನಿಗೆ ಹೋಗುವುದರಲ್ಲಿ ನಷ್ಟವಿಲ್ಲ. ಹೋಗುವಾಗ ರಚನೆಯ ಸಾಫ್ಟ್‌ವೇರ್‌ಗೆ ದುಡ್ಡು ಕೊಡಬೇಕೇ ಎಂದೂ ಕೇಳಿ. ವೈನ್‌ಟೆಕ್‌ನ ಈಸಿಬಿಲ್ಡರ್ ಪ್ರೋ, ಡೆಲ್ಟಾದ ಡಾಪ್‌ಸಾಫ್ಟ್ ಉಚಿತವಾಗಿ ಸಿಗುತ್ತವೆ. ಸೀಮೆನ್ಸ್‌ನ ಟಿಐಎ ಪೋರ್ಟಲ್‌ಗೆ ಪರವಾನಗಿ ಕೊಳ್ಳಬೇಕು. ಈ ಸಲ ಫೈಲನ್ನು ಪೆನ್ ಡ್ರೈವ್‌ನಲ್ಲಿ ಪಡೆಯದೆ ಕೊನೆಯ ಕಂತು ಕೊಡಬೇಡಿ.

ನಿಮ್ಮ ಘಟಕದ ವಾತಾವರಣವೂ ಆಯ್ಕೆಯಲ್ಲಿ ದೊಡ್ಡ ಪಾತ್ರ ವಹಿಸುತ್ತದೆ. ತೆಂಗಿನ ಪುಡಿಯ ಘಟಕವೆಂದರೆ ಹಬೆ, ಎಣ್ಣೆಯ ಜಿಡ್ಡು, ದಿನದ ಕೊನೆಗೆ ಪೈಪ್ ಹಿಡಿದು ನೀರು ಹೊಡೆದು ತೊಳೆಯುವುದು. ಪರದೆಯ ಮುಂಭಾಗದ ಐಪಿ, ಅಂದರೆ ಧೂಳು-ನೀರಿನಿಂದ ರಕ್ಷಣೆಯ ಮಟ್ಟ, ಕನಿಷ್ಠ ಐಪಿ65 ಇರಲಿ. 6 ಎಂದರೆ ಧೂಳು ಒಳಹೋಗದು, 5 ಎಂದರೆ ಪೈಪಿನ ನೀರಿನ ಹೊಡೆತ ತಡೆಯುತ್ತದೆ. ಈ ರಕ್ಷಣೆ ಮುಂಭಾಗಕ್ಕೆ ಮಾತ್ರ, ಹಿಂಭಾಗ ಸಾಮಾನ್ಯವಾಗಿ ಐಪಿ20. ಬಾಗಿಲಿನ ತೂತಿಗೂ ಪರದೆಗೂ ನಡುವಿನ ರಬ್ಬರ್ ಗ್ಯಾಸ್ಕೆಟ್ ಸರಿಯಾಗಿ ಕೂರದಿದ್ದರೆ, ಒಂದು ಕ್ಲ್ಯಾಂಪ್ ಸಡಿಲವಿದ್ದರೆ, ನೀರು ಒಳಗಿಳಿಯುತ್ತದೆ. ಹೊಸ ಪರದೆಗೆ ಬೇಕಾದ ತೂತು ಹಳೆಯದಕ್ಕಿಂತ ದೊಡ್ಡದಾದರೆ ಅರದಿಂದ ಉಜ್ಜಿ ಹಿಗ್ಗಿಸಬಹುದು; ಚಿಕ್ಕದಾದರೆ ನಡುವೆ ತಗಡಿನ ಪ್ಲೇಟ್ ಕೂರಿಸಬೇಕಾಗುತ್ತದೆ, ಅಲ್ಲೊಂದು ಹೊಸ ಸೋರಿಕೆಯ ದಾರಿಯೂ ತೆರೆದುಕೊಳ್ಳುತ್ತದೆ. 7 ಇಂಚು ಎಂಬುದು ಕರ್ಣದ ಅಳತೆ ಮಾತ್ರ, ತೂತಿನ ಅಳತೆ ಕಂಪನಿಯಿಂದ ಕಂಪನಿಗೆ ಬೇರೆ, ಹಾಗಾಗಿ ಡ್ರಾಯಿಂಗ್ ನೋಡಿಯೇ ಕೊಳ್ಳಿ. ಅನೇಕ ಪರದೆಗಳು 50 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಗೆ ಮಾತ್ರ ತಯಾರಾದವು. ಏಪ್ರಿಲ್‌ನಲ್ಲಿ ತಗಡಿನ ಸೂರಿನ ಕೆಳಗೆ, ಡ್ರೈಯರ್ ಪಕ್ಕದಲ್ಲಿ, ಡ್ರೈವ್‌ಗಳಿರುವ ಪೆಟ್ಟಿಗೆಯೊಳಗೆ ಅಷ್ಟು ಬಿಸಿ ಏರುವುದು ಕಷ್ಟವೇನಲ್ಲ. ಸಾಧ್ಯವಾದರೆ ಪರದೆಯನ್ನು ಡ್ರೈಯರ್‌ನಿಂದ ದೂರ ಸರಿಸಿ. ಪರದೆ ಮತ್ತು ಪಿಎಲ್‌ಸಿಯನ್ನು ಜೋಡಿಸುವ ಆರ್‌ಎಸ್-485 ಬಗೆಯ ಕೇಬಲ್ ನಿಧಾನದ ವೇಗದಲ್ಲಿ 1200 ಮೀಟರ್‌ವರೆಗೂ ಹೋಗುತ್ತದೆ, ಹತ್ತಿಪ್ಪತ್ತು ಮೀಟರ್ ಅದಕ್ಕೆ ಲೆಕ್ಕವಿಲ್ಲ. ಆ ಕೇಬಲ್ಲನ್ನು ಮೋಟರಿನ ಕೇಬಲ್‌ಗಳ ಜೊತೆ ಕಟ್ಟದಿದ್ದರೆ ಸಾಕು.

ಟಚ್‌ನ ಬಗೆ ಕೇಳಿದರೆ, ನಿಮ್ಮಂಥ ಕಡೆ ಒತ್ತಡಕ್ಕೆ ಸ್ಪಂದಿಸುವ ರೆಸಿಸ್ಟಿವ್ ಪರದೆಯೇ ಒಳ್ಳೆಯದು. ಕೈಗವಸು ಹಾಕಿದ ಬೆರಳಿಗೂ ಅದು ಬಗ್ಗುತ್ತದೆ. ಮೊಬೈಲ್‌ನಂಥ ಕೆಪಾಸಿಟಿವ್ ಪರದೆ ಅಂದವಾಗಿ ಕಾಣುತ್ತದೆ, ಮೇಲೆ ನೀರು ಬಿದ್ದಾಗ ತಾನೇ ಏನನ್ನೋ ಒತ್ತಿಕೊಳ್ಳುವ ಸಂಭವವಿದೆ. ಅಳತೆಯಲ್ಲಿ ಒಂದು ಡ್ರೈಯರ್‌ಗೆ 7 ಇಂಚು ಧಾರಾಳ. 10 ಇಂಚಿನದನ್ನು ಮಾರುವವರ ಮಾತಿಗೆ ತಲೆಯಾಡಿಸಬೇಕಿಲ್ಲ.

ಆಪರೇಟರ್‌ಗಳಿಗೆ ಕನ್ನಡದಲ್ಲೇ ಪರದೆ ಬೇಕೆನ್ನುವವರು ಈಗ ಹೆಚ್ಚುತ್ತಿದ್ದಾರೆ, ಅದು ಸರಿಯಾದ ಬೇಡಿಕೆ. ಯುನಿಕೋಡ್ ಇದೆ ಎಂದು ಅಂಗಡಿಯವರು ಹೇಳಿದರೆ ಅಷ್ಟಕ್ಕೇ ಒಪ್ಪಬೇಡಿ. ಅಕ್ಷರಗಳಿದ್ದರೂ ಒತ್ತಕ್ಷರ ಜೋಡಿಸಲು ಬಾರದ ಪರದೆಗಳಿವೆ. ಅವುಗಳಲ್ಲಿ 'ಉಷ್ಣತೆ' ಎಂಬುದು 'ಉಷ್‌ಣತೆ' ಎಂದು ಒಡೆದು ಕಾಣುತ್ತದೆ. ಬಟನ್‌ಗಳ ಹೆಸರನ್ನು ಚಿತ್ರವಾಗಿ ಅಂಟಿಸಿ ಇದನ್ನು ದಾಟಬಹುದು, ಆದರೆ ಅಲಾರಂ ಪಟ್ಟಿಯ ಸಾಲುಗಳಿಗೆ ಆ ಉಪಾಯ ಸುಲಭವಾಗಿ ನಡೆಯುವುದಿಲ್ಲ. 'ಬ್ಲೋವರ್ ಟ್ರಿಪ್ ಆಗಿದೆ' ಎಂಬ ಒಂದು ಸಾಲನ್ನು ಅಲಾರಂ ಆಗಿ ಹಾಕಿಸಿ, ಲ್ಯಾಪ್‌ಟಾಪ್‌ನ ಸಿಮ್ಯುಲೇಷನ್‌ನಲ್ಲಲ್ಲ, ಪರದೆಯ ಮೇಲೆಯೇ ನೋಡಿ ಕೊಳ್ಳಿ.

ಕೊನೆಗೆ, ಯಂತ್ರವನ್ನು ನಿಲ್ಲಿಸುವ ಮಾತು. ಪರದೆಯ ಮೇಲೆ ಕೆಂಪು ಬಣ್ಣದಲ್ಲಿ ಎಷ್ಟೇ ದೊಡ್ಡದಾಗಿ ಬರೆದ ಸ್ಟಾಪ್ ಆದರೂ ಅದು ತುರ್ತು ನಿಲುಗಡೆಯಲ್ಲ. ಆ ಕೆಲಸಕ್ಕೆ ಹಳದಿ ಹಿನ್ನೆಲೆಯ ಮೇಲೆ ಕೆಂಪು ಅಣಬೆಯಂತಿರುವ ನಿಜವಾದ ಬಟನ್ ಬೇಕು, ಒತ್ತಿದರೆ ಒಳಗೇ ಕಚ್ಚಿಕೊಳ್ಳಬೇಕು, ಅದರ ತಂತಿ ಪರದೆಯನ್ನು ಬಳಸದೆ ನೇರವಾಗಿ ಕಾಂಟಾಕ್ಟರ್‌ಗಳ ಸರ್ಕ್ಯೂಟ್ ಕಡಿಯಬೇಕು. ನಿಮ್ಮ ಈಗಿನ ಪರದೆ ಕಪ್ಪಾಗುತ್ತಿರುವುದರಿಂದ ಪರೀಕ್ಷೆ ಸುಲಭ: ಡ್ರೈಯರ್‌ನಲ್ಲಿ ಮಾಲು ಇಲ್ಲದ ಹೊತ್ತು ನೋಡಿ ಬ್ಲೋವರ್ ಚಾಲೂ ಮಾಡಿ, ಪರದೆಯ 24 ವೋಲ್ಟ್ ತಂತಿಯನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಬಿಚ್ಚಿಸಿ, ಆಮೇಲೆ ಆ ಕೆಂಪು ಬಟನ್ ಒತ್ತಿ. ಬ್ಲೋವರ್ ನಿಲ್ಲದಿದ್ದರೆ ಪರದೆಯ ಆಯ್ಕೆ ಒಂದು ವಾರ ತಡವಾಗಲಿ, ಮೊದಲು ಆ ಬಟನ್‌ನ ವೈರಿಂಗ್ ಮಾಡಿಸಿ.