‘ನಾದಾ’ ಬರೆದವರು ಆಮೇಲೆ ಏನೂ ಬರೆಯಲಿಲ್ಲವೇ?

ಪ್ರಶ್ನೆ: ಸ್ಪೇನಿನ ಲೇಖಕಿ ಕಾರ್ಮೆನ್ ಲಾಫೊರೆಟ್ ಇಪ್ಪತ್ತಮೂರನೆಯ ವಯಸ್ಸಿಗೆ ‘ನಾದಾ’ ಎಂಬ ಒಂದೇ ಒಂದು ಕಾದಂಬರಿ ಬರೆದು, ದೊಡ್ಡ ಪ್ರಶಸ್ತಿ ಪಡೆದು, ಆಮೇಲೆ ಲೇಖನಿ ಕೆಳಗಿಟ್ಟರಂತೆ. ಅಷ್ಟು ಪ್ರತಿಭೆ ಇದ್ದವರು ಮತ್ತೆ ಏಕೆ ಬರೆಯಲಿಲ್ಲ?

ಬರೆದರು.

ನ್ಯಾಯವಾಗಿ ಉತ್ತರ ಇಲ್ಲಿಗೇ ಮುಗಿಯಬೇಕು. ಆದರೆ ಈ ಒಂದು ಪದದ ಉತ್ತರವನ್ನು ಹಿಂದೆಯೂ ಹಲವು ಸಲ ಕೊಟ್ಟು ನೋಡಿದ್ದೇನೆ. ಕೇಳಿದವರು ‘ಹೌದೇ?’ ಎಂದು ತಲೆಯಾಡಿಸುತ್ತಾರೆ. ಎರಡು ತಿಂಗಳು ಕಳೆಯುವುದರೊಳಗೆ ಬೇರೊಬ್ಬರು ಅದೇ ಪ್ರಶ್ನೆಯನ್ನು ಅದೇ ಮಾತುಗಳಲ್ಲಿ ಹೊತ್ತು ತರುತ್ತಾರೆ. ಪ್ರಶ್ನೆಯಲ್ಲಿರುವ ‘ಇಟ್ಟರಂತೆ’ಯನ್ನು ಗಮನಿಸಿ. ನಮ್ಮ ಭಾಷೆಯ ಈ ‘ಅಂತೆ’ ಬಹಳ ಪ್ರಾಮಾಣಿಕವಾದದ್ದು. ನಾನು ಕಂಡಿದ್ದಲ್ಲ, ಯಾರೋ ಹೇಳಿದ್ದು ಎಂದು ತಾನೇ ಒಪ್ಪಿಕೊಂಡುಬಿಡುತ್ತದೆ. ಅಂತೆಗಳೆಲ್ಲ ಸೇರಿ ಕಂತೆಯಾಗುವುದು ಹೇಗೆ ಎಂದು ತೋರಿಸಲು ಲಾಫೊರೆಟ್ ಅವರ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮೊದಲು ಹೆಸರಿನ ಗೊಂದಲ ತೀರಿಸಿಬಿಡೋಣ. ‘ನಾದಾ’ ಎಂದರೆ ನಮ್ಮ ನಾದವಲ್ಲ, ಸಂಗೀತದ ಕಾದಂಬರಿಯೂ ಅಲ್ಲ. ಅದರಲ್ಲಿ ಕಥಾನಾಯಕಿ ಆಂದ್ರೆಯಾಳ ಮಾವ ರೊಮಾನ್ ಪಿಟೀಲು ನುಡಿಸುತ್ತಾನೆ, ಅದು ಬೇರೆ ಮಾತು. ಸ್ಪ್ಯಾನಿಷಿನಲ್ಲಿ ನಾದಾ ಎಂದರೆ ‘ಏನೂ ಇಲ್ಲ’. ಕವಿ ಹುವಾನ್ ರಾಮೋನ್ ಹಿಮೆನೆಸ್ ಅವರ ಅದೇ ಹೆಸರಿನ ಕವಿತೆಯ ಸಾಲುಗಳನ್ನು ಪುಸ್ತಕದ ಮೊದಲಿಗೆ ಇಟ್ಟಿದ್ದಾರೆ.

ಬದುಕಿನ ವಿವರ ಬೇಗ ಹೇಳುತ್ತೇನೆ. ಲಾಫೊರೆಟ್ ಹುಟ್ಟಿದ್ದು 1921ರ ಸೆಪ್ಟೆಂಬರ್ 6ರಂದು, ಬಾರ್ಸಿಲೋನಾದಲ್ಲಿ. ತಂದೆ ವಾಸ್ತುಶಿಲ್ಪಿ. ಮಗುವಿಗೆ ಎರಡು ವರ್ಷವಿದ್ದಾಗ ಕುಟುಂಬ ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ಗೆ ಹೋಯಿತು. ಹದಿಮೂರರಲ್ಲಿ ತಾಯಿ ತೀರಿಕೊಂಡರು, ಮನೆಗೆ ಮಲತಾಯಿ ಬಂದರು, ಇಬ್ಬರಿಗೂ ಹೊಂದಲಿಲ್ಲ. 1939ರಲ್ಲಿ ಅಂತರ್ಯುದ್ಧ ಮುಗಿಯುತ್ತಿದ್ದಂತೆ ಹದಿನೆಂಟರ ಹುಡುಗಿ ಓದಿನ ನೆಪದಲ್ಲಿ ಬಾರ್ಸಿಲೋನಾಕ್ಕೆ ಹಿಂತಿರುಗಿ, ಅರಿಬಾವ್ ಬೀದಿಯ ಅಜ್ಜಿಯ ಮನೆ ಸೇರಿದರು. ಮೂರು ವರ್ಷದ ಬಳಿಕ ಮ್ಯಾಡ್ರಿಡ್. ಪದವಿ ಮುಗಿಸಲಿಲ್ಲ. 1944ರಲ್ಲಿ ಅಲ್ಲಿಯೇ ಕುಳಿತು ‘ನಾದಾ’ ಬರೆದರು. ಹಸ್ತಪ್ರತಿ ಓದಿದ ವಿಮರ್ಶಕ ಮಾನುವೆಲ್ ಸೆರೆಸಾಲೆಸ್, ಇದನ್ನು ಹೊಸದಾಗಿ ಘೋಷಣೆಯಾದ ನಡಾಲ್ ಪ್ರಶಸ್ತಿಗೆ ಕಳುಹಿಸಿ ಎಂದರು. ಮುಂದೆ 1946ರಲ್ಲಿ ಅವರನ್ನೇ ಮದುವೆಯಾದರು.

ಆ ನಡಾಲ್‌ಗೂ ಟೆನ್ನಿಸ್ ಆಟಗಾರನಿಗೂ ಸಂಬಂಧವಿಲ್ಲ, ಇದನ್ನೂ ಕೇಳಿದವರಿದ್ದಾರೆ. ‘ದೆಸ್ತಿನೊ’ ಪತ್ರಿಕೆಯ ಪ್ರಧಾನ ಸಂಪಾದಕರಾಗಿದ್ದು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಎವುಹೆನಿಯೊ ನಡಾಲ್ ಅವರ ನೆನಪಿಗೆ ಇಟ್ಟ ಬಹುಮಾನ ಅದು. 1945ರ ಜನವರಿ 6ರಂದು, ಸ್ಪೇನಿನ ಮಕ್ಕಳಿಗೆಲ್ಲ ಉಡುಗೊರೆ ಸಿಗುವ ಹಬ್ಬದ ದಿನ, ಮೊದಲ ನಡಾಲ್ ಘೋಷಣೆಯಾಯಿತು. ಆಗಲೇ ಹೆಸರು ಮಾಡಿದ್ದ ಪತ್ರಕರ್ತ ಸೆಸಾರ್ ಗೊನ್ಸಾಲೆಸ್ ರುವಾನೊ ಸ್ಪರ್ಧೆಯಲ್ಲಿದ್ದರು. ಐದು ಸಾವಿರ ಪೆಸೆಟಾ ಹೋದದ್ದು ಯಾರೂ ಹೆಸರು ಕೇಳಿರದ ಹುಡುಗಿಗೆ.

ಕಾದಂಬರಿಯ ಶಕ್ತಿ ಎಲ್ಲಿದೆ ಎಂಬುದು ಮೊದಲ ಪುಟದಲ್ಲೇ ತಿಳಿಯುತ್ತದೆ. ಟಿಕೆಟ್ ಸಿಗುವುದು ತಡವಾಗಿ ಆಂದ್ರೆಯಾ ಬೇರೊಂದು ರೈಲಿನಲ್ಲಿ ನಡುರಾತ್ರಿ ಬಾರ್ಸಿಲೋನಾದಲ್ಲಿ ಇಳಿಯುತ್ತಾಳೆ. ಕರೆದೊಯ್ಯಲು ಯಾರೂ ಬಂದಿಲ್ಲ. ಕೈಯಲ್ಲಿ ಪುಸ್ತಕ ತುಂಬಿ ಭಾರವಾದ ಪೆಟ್ಟಿಗೆ. ಆದರೂ ಅವಳಿಗೆ ಭಯವಿಲ್ಲ, ಖುಷಿ. ಹಳೆಯ ಕುದುರೆಗಾಡಿಯೊಂದನ್ನು ಹಿಡಿದು ನೆಂಟರ ಮನೆ ತಲುಪಿ ಬಾಗಿಲು ತೆರೆಸಿದ ಮೇಲೆ ಆ ಖುಷಿ ಇಳಿಯುತ್ತದೆ: ಮಬ್ಬು ಬೆಳಕು, ರಾಶಿ ಬಿದ್ದ ಪೀಠೋಪಕರಣ, ಹೆಣದಂತೆ ಬಿಳುಚಿದ ಮುಖಗಳು. ಇನ್ನೊಂದು ದೃಶ್ಯ ನನ್ನ ತಲೆಯಿಂದ ಹೋಗುವುದೇ ಇಲ್ಲ. ತಿಂಗಳ ಹಣ ಬಂದ ಕೂಡಲೇ ಹೂವಿಗೂ ಸಿಹಿಗೂ ಸುರಿದುಬಿಡುವ ಹುಡುಗಿ, ಉಳಿದ ದಿನ ಹಸಿದಿರುತ್ತಾಳೆ. ಅಡುಗೆಮನೆಯಲ್ಲಿ ತರಕಾರಿ ಬೇಯಿಸಿ ಚೆಲ್ಲಲು ಇಟ್ಟ ನೀರನ್ನು ಕದ್ದು ಕುಡಿಯುತ್ತಾಳೆ. ಯುದ್ಧಾನಂತರದ ಹಸಿವನ್ನು ಹೇಳಲು ಲಾಫೊರೆಟ್ ಒಂದು ಅಂಕಿಯನ್ನೂ ಬಳಸಿಲ್ಲ.

ಇನ್ನು ಮಿಥ್ಯೆಗೆ ಬರೋಣ. ‘ಒಂದೇ ಪುಸ್ತಕದ ಲೇಖಕಿ’ ಎನ್ನುವವರು ದಯವಿಟ್ಟು ಬೆರಳು ಮಡಚಿ ಎಣಿಸಿ.

1948ರಿಂದ ಕೆಲವು ವರ್ಷ ‘ದೆಸ್ತಿನೊ’ ಪತ್ರಿಕೆಯಲ್ಲಿ ಅಂಕಣ. 1952ರಲ್ಲಿ ಎರಡನೆಯ ಕಾದಂಬರಿ, ‘ದ್ವೀಪ ಮತ್ತು ದೆವ್ವಗಳು’ ಎಂದು ಕನ್ನಡದಲ್ಲಿ ಹೇಳಬಹುದು. ಕ್ಯಾನರಿ ದ್ವೀಪ, ಅಂತರ್ಯುದ್ಧದ ಕಾಲ, ಮನೆಯ ಕೋಣೆಯೊಂದರಲ್ಲಿ ಬುದ್ಧಿ ಕಳೆದುಕೊಂಡ ತಾಯಿ, ಬರೆಯುವ ಹುಚ್ಚಿನ ಮಗಳು ಮಾರ್ತಾ. ಅದೇ ವರ್ಷ ‘ಸತ್ತವಳು’ ಎಂಬ ಕಥಾಸಂಕಲನ. 1954ರಲ್ಲಿ ‘ಕರೆ’ ಎಂಬ ನೀಳ್ಗತೆಗಳ ಸಂಪುಟ. ಅವರ ನೀಳ್ಗತೆಗಳು ಒಟ್ಟು ಏಳು. 1955ರಲ್ಲಿ ‘ಹೊಸ ಹೆಣ್ಣು’ ಕಾದಂಬರಿ, ಅದಕ್ಕೆ ಮೆನೋರ್ಕಾ ಪ್ರಶಸ್ತಿ, ಹಿಂದೆಯೇ ರಾಷ್ಟ್ರೀಯ ಸಾಹಿತ್ಯ ಪ್ರಶಸ್ತಿ. 1963ರಲ್ಲಿ ‘ಬಿಸಿಲಾಘಾತ’, ಮೂರು ಬೇಸಿಗೆಗಳಲ್ಲಿ ಬೆಳೆಯುವ ಮಾರ್ತೀನ್ ಎಂಬ ಹುಡುಗನ ಕಥೆ. 1967ರಲ್ಲಿ ಅಮೆರಿಕ ಪ್ರವಾಸದ ಪುಸ್ತಕ. ಎರಡು ಕೈಗಳ ಬೆರಳು ಬೇಕಾಯಿತಲ್ಲವೇ? ಇಷ್ಟೆಲ್ಲ ಬರೆಯುವಾಗ ಅವರು ಐದು ಮಕ್ಕಳನ್ನು ಹೆತ್ತು ಸಾಕುತ್ತಿದ್ದರು ಎಂಬುದನ್ನೂ ಲೆಕ್ಕಕ್ಕೆ ಸೇರಿಸಿ.

ಹಾಗಾದರೆ ಈ ಕಂತೆ ಹುಟ್ಟಿದ್ದೆಲ್ಲಿ? ಒಂದು ಕಾರಣ ಮೊದಲ ಪುಸ್ತಕದ ನೆರಳು. ಮುಂದೆ ಏನೇ ಬಂದರೂ ವಿಮರ್ಶಕರು ಅದನ್ನು ‘ನಾದಾ’ದ ಪಕ್ಕಕ್ಕೆ ನಿಲ್ಲಿಸಿ ಎತ್ತರ ಅಳೆದರು. ಮಾರ್ತಾ ಆಂದ್ರೆಯಾಳಂತಿಲ್ಲ ಎಂದು ದೂರು, ಆಂದ್ರೆಯಾಳಂತೆಯೇ ಇದ್ದಾಳೆ ಎಂದೂ ದೂರು. ‘ಹೊಸ ಹೆಣ್ಣು’ ಬಂದಾಗ ಬೇರೆ ತಕರಾರು. 1951ರಲ್ಲಿ ಲಾಫೊರೆಟ್ ಅವರಿಗೆ ಧಾರ್ಮಿಕ ಅನುಭವವೊಂದು ಆಗಿತ್ತು. ಆ ದಿನಗಳಲ್ಲಿ ಅವರ ಆಪ್ತ ಗೆಳತಿ ವಿಂಬಲ್ಡನ್ ಫೈನಲ್ ಮೂರು ಸಲ ಆಡಿದ್ದ ಲಿಲಿ ಆಲ್ವಾರೆಸ್. (ಟೆನ್ನಿಸ್ ಬೇಕೇ ಬೇಕು ಎನ್ನುವವರಿಗೆ ಇದೋ, ಸಿಕ್ಕಿತು.) ಕಾದಂಬರಿಯ ಪೌಲಿನಾಳಿಗೂ ರೈಲಿನಲ್ಲಿ ಹೋಗುವಾಗ ಅಂಥದ್ದೇ ಬೆಳಕು ಕಾಣುತ್ತದೆ. ಭಕ್ತಿಯ ಪುಸ್ತಕ ಎಂದು ಹಲವರು ಬದಿಗಿಟ್ಟರು. ಗಂಡನನ್ನೂ ಪ್ರಿಯಕರನನ್ನೂ ಬಿಟ್ಟು ತನ್ನ ದಾರಿ ತಾನು ಹುಡುಕಲು ಹೊರಟ ಹೆಂಗಸಿನ ಕಥೆ 1955ರ ಸ್ಪೇನಿನಲ್ಲಿ ಅಚ್ಚಾಗಿತ್ತು ಎಂಬುದು ಅವರ ಕಣ್ಣಿಗೆ ಬೀಳಲಿಲ್ಲ. ನನಗೆ ಕೇಳಿದರೆ, ಕಲಾತ್ಮಕವಾಗಿ ಅದು ‘ನಾದಾ’ಕ್ಕೆ ಸಮನಲ್ಲ, ಆದರೆ ಅದಕ್ಕಿಂತ ಹೆಚ್ಚು ಧೈರ್ಯದ ಪುಸ್ತಕ.

ಎರಡನೆಯ ಕಾರಣದಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಮಿಥ್ಯೆ ಇಷ್ಟು ಗಟ್ಟಿ. 1963ರ ಬಳಿಕ, 2004ರ ಫೆಬ್ರವರಿ 28ರಂದು ಸಾಯುವವರೆಗೆ, ಅವರ ಹೊಸ ಕಾದಂಬರಿ ಅಂಗಡಿಗೆ ಬರಲಿಲ್ಲ. ನಲವತ್ತೊಂದು ವರ್ಷ. ಈ ಮೌನ ನಿಜ. ಆದರೆ ‘ಬರಲಿಲ್ಲ’ ಮತ್ತು ‘ಬರೆಯಲಿಲ್ಲ’ ಒಂದೇ ಅಲ್ಲ. ‘ಬಿಸಿಲಾಘಾತ’ ಮೂರು ಕಾದಂಬರಿಗಳ ಮಾಲೆಯ ಮೊದಲ ಭಾಗ. ಎರಡನೆಯದು, ‘ತಿರುವಿನಾಚೆ’, ಬರೆದು ಮುಗಿದಿತ್ತು, ಪ್ರಕಾಶಕರ ಕೈ ಸೇರಿತ್ತು, ಅಚ್ಚುಮೊಳೆ ಜೋಡಣೆಯಾಗಿ 1970ರ ದಶಕದ ಆರಂಭದಲ್ಲಿ ಕರಡಚ್ಚು ತಿದ್ದಲು ಲೇಖಕಿಯ ಬಳಿಗೂ ಬಂದಿತ್ತು. ಅವರು ಅದನ್ನು ಹಿಂದಿರುಗಿಸಲಿಲ್ಲ, ಅಷ್ಟೇ. ಪುಸ್ತಕ ಹೊರಬಂದದ್ದು ಅವರು ತೀರಿಕೊಂಡ 2004ರಲ್ಲೇ, ಮಕ್ಕಳ ಪ್ರಯತ್ನದಿಂದ. ಮೂರನೆಯ ಭಾಗ ಬರಲೇ ಇಲ್ಲ. ಕರಡಚ್ಚನ್ನು ಕೈಯಲ್ಲಿ ಹಿಡಿದು ಕಳುಹಿಸದೆ ಕುಳಿತವರನ್ನು ‘ಬರೆಯದವರು’ ಎಂದು ಹೇಗೆ ಕರೆಯುವುದು?

ಏಕೆ ಕಳುಹಿಸಲಿಲ್ಲ ಎಂಬುದು ನಿಜಕ್ಕೂ ಕೇಳಬೇಕಾದ ಪ್ರಶ್ನೆ. ಅದನ್ನು ಯಾರೂ ಕೇಳುವುದಿಲ್ಲ. 1970ರಲ್ಲಿ ದಾಂಪತ್ಯ ಮುರಿಯಿತು. ಆಗಿನ ಸ್ಪೇನಿನಲ್ಲಿ ವಿಚ್ಛೇದನ ಎಂಬುದೇ ಇರಲಿಲ್ಲ, ಅದು ಬಂದದ್ದು 1981ರಲ್ಲಿ. ಮದುವೆಯಾದ ಹೆಣ್ಣು ಕೆಲಸಕ್ಕೆ ಸೇರಲೂ ಬ್ಯಾಂಕ್ ಖಾತೆ ತೆರೆಯಲೂ ಗಂಡನ ಅನುಮತಿ ಬೇಕೆಂಬ ಕಾನೂನು ಹೋದದ್ದೇ 1975ರಲ್ಲಿ. ಲಾಫೊರೆಟ್ ರೋಮ್‌ಗೆ ಹೋದರು, ಊರೂರು ಅಲೆದರು. ಅಮೆರಿಕದಲ್ಲಿ ನೆಲೆಸಿದ್ದ ದೇಶಭ್ರಷ್ಟ ಕಾದಂಬರಿಕಾರ ರಾಮೋನ್ ಸೆಂದೆರ್ ಜೊತೆಗಿನ ಅವರ ಪತ್ರವ್ಯವಹಾರ 2003ರಲ್ಲಿ ಪುಸ್ತಕವಾಗಿದೆ. ಕೂತರೆ ಬರೆಯಲಾಗದ, ಬರೆದದ್ದು ಸರಿಯೆನಿಸದ ಸಂಕಟ ಅದರ ಉದ್ದಕ್ಕೂ ಇದೆ. ಲೇಖನಿಯ ಮೇಲಿನ ಭಯ ಕ್ರಮೇಣ ಕಾಯಿಲೆಯೇ ಆಯಿತು. ಕೊನೆಯ ವರ್ಷಗಳಲ್ಲಿ ನೆನಪೂ ಮಾತೂ ಎರಡೂ ಹೋದವು. ಆ ಮೌನವನ್ನು ಮಗಳು ಕ್ರಿಸ್ಟಿನಾ ಸೆರೆಸಾಲೆಸ್ ಒಂದು ಪುಸ್ತಕವಾಗಿ ಬರೆದಿದ್ದಾರೆ.

‘ನಾದಾ’ ಅವರದೇ ಕಥೆ, ಅದು ಖಾಲಿಯಾದ ಮೇಲೆ ಬರೆಯಲು ಏನೂ ಉಳಿಯಲಿಲ್ಲ ಎಂಬ ಉಪಮಿಥ್ಯೆಯೂ ಇದೆ. ಅರಿಬಾವ್ ಬೀದಿ ಇಬ್ಬರಿಗೂ ಒಂದೇ, ನಿಜ. ಆದರೆ ಇದು ಆತ್ಮಕಥೆಯಲ್ಲ, ನನ್ನ ಯಾವ ಕಾದಂಬರಿಯೂ ಅಲ್ಲ ಎಂದು ಲಾಫೊರೆಟ್ ಸ್ಪಷ್ಟವಾಗಿ ಬರೆದಿದ್ದಾರೆ. ನಂಬದವರು ‘ಬಿಸಿಲಾಘಾತ’ದ ಮಾರ್ತೀನನನ್ನು ಏನು ಮಾಡುತ್ತಾರೋ ನೋಡಬೇಕು.

ಇನ್ನು ಯಾರೂ ಕೇಳದ, ಆದರೆ ನನಗೆ ತುಂಬ ಇಷ್ಟವಾದ ಪ್ರಶ್ನೆ: ಅಂತರ್ಯುದ್ಧ ಗೆದ್ದ ಸರ್ವಾಧಿಕಾರಿ ಫ್ರಾಂಕೊ ಆಡಳಿತದ ಸೆನ್ಸಾರ್ ಈ ಪುಸ್ತಕವನ್ನು ಹೇಗೆ ಬಿಟ್ಟಿತು? ಆಗ ಅಚ್ಚಿಗೆ ಹೋಗುವ ಪ್ರತಿ ಪುಸ್ತಕವೂ ಸರ್ಕಾರಿ ಓದುಗರ ಮೇಜು ದಾಟಬೇಕಿತ್ತು. ‘ನಾದಾ’ದೊಳಗೆ ಏನಿದೆ ನೋಡಿ. ಹುವಾನ್ ಎಂಬ ಮಾವ ಹೆಂಡತಿಯನ್ನು ಬಡಿಯುತ್ತಾನೆ. ಆ ಹೆಂಡತಿ ಮಗುವಿನ ಹೊಟ್ಟೆಗಾಗಿ ರಾತ್ರಿ ಕದ್ದುಹೋಗಿ ಇಸ್ಪೀಟಾಡುತ್ತಾಳೆ. ಯುದ್ಧದಲ್ಲಿ ಎರಡೂ ಬದಿಯ ಆಟ ಆಡಿ ಚಿತ್ರಹಿಂಸೆ ಅನುಭವಿಸಿ ಬಂದ ರೊಮಾನ್ ಕ್ಷೌರದ ಕತ್ತಿಯಿಂದ ಪ್ರಾಣ ಕಳೆದುಕೊಳ್ಳುತ್ತಾನೆ. ಗೆದ್ದ ಸರ್ಕಾರ ಹಾಡುತ್ತಿದ್ದ ‘ಸುಖಿ ಕ್ರೈಸ್ತ ಕುಟುಂಬ’ದ ಒಂದು ಇಟ್ಟಿಗೆಯೂ ಆ ಮನೆಯಲ್ಲಿ ಇಲ್ಲ.

ಸೆನ್ಸಾರ್ ಅಧಿಕಾರಿಯ ವರದಿಯ ತಾತ್ಪರ್ಯ ಇಷ್ಟು: ಸಪ್ಪೆ ಕಾದಂಬರಿ, ಶೈಲಿಯಿಲ್ಲ, ಸಾಹಿತ್ಯಿಕ ಬೆಲೆಯಿಲ್ಲ, ಕಾಲೇಜು ಹುಡುಗಿಯೊಬ್ಬಳು ಬಾರ್ಸಿಲೋನಾದ ನೆಂಟರ ಮನೆಯಲ್ಲಿ ಹೇಳಿಕೊಳ್ಳುವಂಥ ಘಟನೆಯೇನೂ ಇಲ್ಲದೆ ಒಂದು ವರ್ಷ ಕಳೆದದ್ದರ ವರ್ಣನೆ. ಅಂದರೆ ಪುಣ್ಯಾತ್ಮ ಪುಸ್ತಕದ ಹೆಸರನ್ನೇ ಬಿಡಿಸಿ ವರದಿ ಮಾಡಿಕೊಟ್ಟ. 1945ರ ಮೇ ತಿಂಗಳಲ್ಲಿ ಪುಸ್ತಕ ಹೊರಬಂತು, ಅದೇ ವರ್ಷ ಮೂರು ಮುದ್ರಣ ಕಂಡಿತು.