ಕ್ಯಾಡ್ ಮಾಡೆಲ್ ನೇರವಾಗಿ ಮೆಶ್ ಆಗುವುದಿಲ್ಲ, ಯಾಕೆ?

ಕ್ಯಾಡ್ ಮಾಡೆಲ್ ಅಂದರೆ ಕಂಪ್ಯೂಟರ್‌ನಲ್ಲಿ ಬಿಡಿಸಿದ ಆಕಾರ. ಫೈನೈಟ್ ಎಲಿಮೆಂಟ್ ಸಾಫ್ಟ್‌ವೇರ್ ಅದನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳ ಬಲೆಯಾಗಿ, ಅಂದರೆ ಮೆಶ್ ಆಗಿ ಒಡೆದು, ಭಾರ ಬಿದ್ದಾಗ ಏನಾಗುತ್ತದೆ ಅಂತ ಲೆಕ್ಕ ಹಾಕುತ್ತದೆ. ಪರದೆಯ ಮೇಲೆ ನುಣುಪಾಗಿ ಕಾಣುವ ಕ್ಯಾಡ್ ಮಾಡೆಲ್ಲನ್ನು ಫೈನೈಟ್ ಎಲಿಮೆಂಟ್ ಸಾಫ್ಟ್‌ವೇರ್‌ಗೆ ತಂದ ಕೂಡಲೇ ಹುಳುಕು ಹೊರಬೀಳುತ್ತದೆ. ಮೇಲ್ಮೈಗಳ ನಡುವೆ ಕೂದಲೆಳೆಯಷ್ಟು ಸಂದು, ಒಂದರ ಮೇಲೊಂದು ಕೂತ ಮುಖಗಳು, ಅಗಲವೇ ಇಲ್ಲದ ಉದ್ದನೆಯ ಚೂರುಗಳು. ಬೈಗುಳ ಡಿಸೈನರ್‌ಗೆ ಬೀಳುತ್ತದೆ. ಆದರೆ ತಪ್ಪು ಬಹುಪಾಲು ಅವರದಲ್ಲ. ಆಕಾರ ಬಿಡಿಸುವುದು, ಲೆಕ್ಕ ಹಾಕುವುದು, ಈ ಎರಡು ಕೆಲಸಗಳೂ ಹುಟ್ಟಿದ್ದೇ ಬೇರೆ ಬೇರೆ ಕಡೆ.

ಫೈನೈಟ್ ಎಲಿಮೆಂಟ್ ವಿಧಾನ ಬೆಳೆದದ್ದು ವಿಮಾನದ ರಚನೆಗಳ ಲೆಕ್ಕದಿಂದ. ಟರ್ನರ್, ಕ್ಲಫ್, ಮಾರ್ಟಿನ್, ಟಾಪ್ ಅವರ ಪ್ರಬಂಧ ಬಂದದ್ದು 1956ರಲ್ಲಿ. 1960ರಲ್ಲಿ ಕ್ಲಫ್ ಅದಕ್ಕೆ ಈಗಿನ ಹೆಸರು ಕೊಟ್ಟರು. ಆಗ ಮೇಲ್ಮೈಯ ಮಾತೇ ಇರಲಿಲ್ಲ. ನಾಸ್ಟ್ರಾನ್ ಎಂಬ ಲೆಕ್ಕದ ಸಾಫ್ಟ್‌ವೇರ್‌ಗೆ ಒಂದೊಂದು ನೋಡನ್ನೂ (ಎಲಿಮೆಂಟ್‌ಗಳು ಸೇರುವ ಬಿಂದು) 80 ಕಾಲಂಗಳ ಪಂಚ್ ಕಾರ್ಡ್‌ನಲ್ಲಿ ಕೊಡಬೇಕಿತ್ತು. ನೋಡ್ ಎಲ್ಲಿರಬೇಕು ಅಂತ ಎಂಜಿನಿಯರ್ ಡ್ರಾಯಿಂಗ್ ನೋಡಿ ತೀರ್ಮಾನಿಸುತ್ತಿದ್ದರು. ಲೆಕ್ಕಕ್ಕೆ ಬೇಡದ ಸಣ್ಣ ತೂತು, ಅಂಚಿನ ಸಣ್ಣ ದುಂಡು, ಎಲ್ಲ ಅವರ ತಲೆಯಲ್ಲೇ ಬಿಟ್ಟುಹೋಗುತ್ತಿತ್ತು. ಇಂದು ನಾವು ಕ್ಲೀನಪ್ ಅನ್ನುವ ಕೆಲಸದ ದೊಡ್ಡ ಪಾಲು ಹೀಗೆ ಸದ್ದಿಲ್ಲದೆ ಮುಗಿಯುತ್ತಿತ್ತು.

ಅದೇ ಹೊತ್ತಿಗೆ ಕಾರು ತಯಾರಕರಿಗೆ ಬೇಕಾಗಿದ್ದು ಬೇರೆ. ಸಿಟ್ರೊಯೆನ್‌ನಲ್ಲಿ ದ ಕಾಸ್ತೆಲ್ಜೋ, ರೆನೋದಲ್ಲಿ ಬೆಜಿಯೇ ಬಾಗಿದ ಮೇಲ್ಮೈಗಳಿಗೆ ಗಣಿತ ಹುಡುಕಿದರು. ಗುರಿ ಇದ್ದದ್ದು ಆಕಾರವನ್ನು ಕರಾರುವಾಕ್ಕಾಗಿ ಹಿಡಿದು ಡೈ, ಅಂದರೆ ತಗಡು ಒತ್ತುವ ಅಚ್ಚು, ಕೊರೆಯುವುದು. ಕೊರೆಯುವ ಯಂತ್ರಕ್ಕೆ ಮೈಕ್ರಾನ್ ಸಂದು ಲೆಕ್ಕಕ್ಕಿಲ್ಲ. ಮೆಶ್‌ಗೆ ಮಾತ್ರ ಅದೇ ಸಂದು ಎರಡು ಭಾಗಗಳನ್ನು ಬೇರೆ ಮಾಡುವ ಬಿರುಕು.

ಈ ಸಂದು ಬರುವುದು ಅಜಾಗರೂಕತೆಯಿಂದಲೇ ಅಲ್ಲ. ಎರಡು ಬೈಕ್ಯೂಬಿಕ್ (ಎರಡೂ ದಿಕ್ಕಿನಲ್ಲಿ ಮೂರನೇ ಘಾತದ) ಮೇಲ್ಮೈಗಳು ಸೇರುವ ಗೆರೆಯನ್ನು ನಿಖರವಾಗಿ ಬರೆಯಲು ಹೊರಟರೆ ಅದರ ಸಮೀಕರಣದ ಘಾತ 324ರವರೆಗೆ ಹೋಗುತ್ತದೆ! ಅಷ್ಟನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಎಲ್ಲ ಸಾಫ್ಟ್‌ವೇರ್‌ಗಳೂ ಹತ್ತಿರದ ಒಂದು ಗೆರೆ ಎಳೆದು, ಇಷ್ಟು ಟಾಲರೆನ್ಸ್ (ಒಪ್ಪಬಹುದಾದ ವ್ಯತ್ಯಾಸ) ಒಳಗಿದ್ದರೆ ಸೇರಿದೆ ಅಂತ ಒಪ್ಪಿಕೊಳ್ಳುತ್ತವೆ. ಒಂದು ಸಾಫ್ಟ್‌ವೇರ್ ಒಪ್ಪಿದ್ದನ್ನು ಇನ್ನೊಂದು ಒಪ್ಪದಿದ್ದಾಗ ಜಗಳ. ಮಾಡೆಲ್ಲನ್ನು ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಸಾಗಿಸುವ 1980ರ ಐಜಿಇಎಸ್ ಎಂಬ ಫೈಲ್ ಮಾದರಿಯಲ್ಲಿ ಮೇಲ್ಮೈಗಳು ಬಿಡಿಬಿಡಿಯಾಗಿ ಹೋಗುತ್ತಿದ್ದವು, ಯಾವುದು ಯಾವುದಕ್ಕೆ ಅಂಟಿದೆ ಅನ್ನುವುದೇ ಕಳೆದುಹೋಗುತ್ತಿತ್ತು. 1994ರಲ್ಲಿ ಬಂದ ಸ್ಟೆಪ್ ಎಂಬ ಮಾದರಿ ಆ ನಂಟನ್ನು ಉಳಿಸಿತು. ಟಾಲರೆನ್ಸ್ ಜಗಳ ಮುಗಿಯಲಿಲ್ಲ.

ಸಣ್ಣ ಚೂರಿನಿಂದ ಏನು ನಷ್ಟ ಅಂತೀರಾ? ಕಾರು ಡಿಕ್ಕಿಯ (ಕ್ರ್ಯಾಶ್) ಲೆಕ್ಕ ನೋಡಿ. ಉಕ್ಕಿನಲ್ಲಿ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 5,000 ಮೀಟರ್ ಓಡುತ್ತದೆ. ಲೆಕ್ಕ ಇಡುವ ಒಂದೊಂದು ಹೆಜ್ಜೆ (ಟೈಮ್ ಸ್ಟೆಪ್) ಆ ಅಲೆ ಅತಿ ಸಣ್ಣ ಎಲಿಮೆಂಟನ್ನು ದಾಟುವ ಹೊತ್ತನ್ನು ಮೀರುವಂತಿಲ್ಲ. 5 ಮಿಮೀ ಎಲಿಮೆಂಟ್‌ಗೆ ಟೈಮ್ ಸ್ಟೆಪ್ ಸುಮಾರು 1 ಮೈಕ್ರೋಸೆಕೆಂಡ್. ಎಲ್ಲೋ ಒಂದು ಚೂರು ಮುಖ 0.5 ಮಿಮೀ ಎಲಿಮೆಂಟ್ ಹುಟ್ಟಿಸಿದರೆ ಇಡೀ ಮಾಡೆಲ್‌ನ ಟೈಮ್ ಸ್ಟೆಪ್ ಹತ್ತನೇ ಒಂದಕ್ಕೆ ಇಳಿಯುತ್ತದೆ, ಲೆಕ್ಕ ಹತ್ತುಪಟ್ಟು ಜಾಸ್ತಿ.

ಹಾಗಂತ ಸುಮ್ನೆ ಎಲ್ಲ ಫಿಲೆಟ್ (ಮೂಲೆ, ಅಂಚಿನ ದುಂಡು) ಅಳಿಸುವಂತಿಲ್ಲ. ಒಳಮೂಲೆಯ ಫಿಲೆಟ್ ತೆಗೆದು ಚೂಪು ಮಾಡಿದರೆ, ಮೆಶ್ ಸಣ್ಣದಾದಷ್ಟೂ ಅಲ್ಲಿನ ಒತ್ತಡ ಏರುತ್ತಲೇ ಹೋಗುತ್ತದೆ. ಆ ಸಂಖ್ಯೆಗೆ ಅರ್ಥವೇ ಇಲ್ಲ. ಭಾರ ಹರಿಯದ ಜಾಗದ ಫಿಲೆಟ್ ಹೋದರೆ ಚಿಂತೆಯಿಲ್ಲ, ಭಾರ ಹರಿಯುವಲ್ಲಿ ಅದನ್ನೇ ನೋಡಬೇಕು ಅಲ್ವಾ?

2005ರಲ್ಲಿ ಹ್ಯೂಸ್ ಮತ್ತು ಸಂಗಡಿಗರು ಕ್ಯಾಡ್‌ನ ಗಣಿತದಲ್ಲೇ ವಿಶ್ಲೇಷಣೆ ಮಾಡುವ ಐಸೋಜಿಯೊಮೆಟ್ರಿಕ್ ದಾರಿ ತೋರಿಸಿದರು. ನನಗೆ ಅದರ ಮೇಲೆ ಭರವಸೆಯಿದೆ. ಆದರೆ ಸೇರುವ ಗೆರೆಯಲ್ಲಿ ಕತ್ತರಿಸಿದ ಮೇಲ್ಮೈಗಳ ಸಂದು ಅಲ್ಲೂ ಎದುರಾಗುತ್ತದೆ. ಸದ್ಯಕ್ಕೆ ಮೂಲ ಕ್ಯಾಡ್ ಫೈಲ್ ಸಿಗುವುದಾದರೆ ಬೇಡದ ಫೀಚರ್‌ಗಳನ್ನು ಅಲ್ಲೇ ಸಪ್ರೆಸ್ ಮಾಡಿಸಿಕೊಳ್ಳಿ, ಅಂದರೆ ಅಳಿಸದೆ ಬದಿಗಿಡಿಸಿ. ಎಕ್ಸ್‌ಪೋರ್ಟ್ ಆದ ಮೇಲೆ ಅದೇ ಫಿಲೆಟ್ ಬರೀ ಒಂದಷ್ಟು ಬಿಡಿ ಮುಖಗಳಾಗಿರುತ್ತದೆ, ಒಂದೊಂದನ್ನೇ ಹುಡುಕಿ ತೆಗೆಯಬೇಕಾಗುತ್ತದೆ.